ದೂರದರ್ಶನದ ಸಂಭಾಷಣೆಗಳಲ್ಲಿ ಪುರುಷವಾಚಕ ಸರ್ವನಾಮಗಳು

ಸಂಭಾಷಣೆಯ ಯೋಗ್ಯತೆಯನ್ನು ವಿಷಯದಿಂದ ಮಾತ್ರವಲ್ಲದೆ ಸರ್ವನಾಮದಿಂದಲೂ ಅಳೆಯಬಹುದೆಂಬುದು ನಮ್ಮ ಅಭಿಪ್ರಾಯ. 2014ರಲ್ಲಿ ಜೀ ಕನ್ನಡ ವಾಹಿನಿಯಲ್ಲಿ ಮೊದಲಾದ 'ವೀಕೆಂಡ್ ವಿತ್ ರಮೇಶ್' ಎಂಬ ಕಾರ್ಯಕ್ರಮವೇ ಇದಕ್ಕೆ ನಿದರ್ಶನ. ಅಲ್ಲಿ ಅತಿಥಿಯ ತಾಯ್ತಂದೆಗಳೂ ಗುರುಗಳೂ ಬಾಲ್ಯಸಖರೂ ಬಂದು ಮಾತನಾಡುವರು. ನಿರೂಪಕರಾದ ಶ್ರೀ ರಮೇಶ್ ಅರವಿಂದ್ ಅವರ 'ನೀವು' ಎಂಬುದೂ ಹೆತ್ತವಳ 'ನೀನು' ಎಂಬುದೂ ಒಬ್ಬ ವ್ಯಕ್ತಿಯನ್ನೇ ಕುರಿತವು. ಒಂದು ಗೌರವಮೂಲ, ಇನ್ನೊಂದು ವಾತ್ಸಲ್ಯಮೂಲ. ಆದುದರಿಂದ ಏಕವಚನವು ಸ್ವಭಾವತಃ ಹೀನವಲ್ಲ.

'ತಾವು' ಎಂಬುದು ಮೂಲತಃ ಆತ್ಮಾರ್ಥಕ. ಗೌರವದಲ್ಲಿ ಮಧ್ಯಮಪುರುಷಕ್ಕೆ ಸಂದಿತು. ಸಂಸ್ಕೃತದ 'ಭವತ್' ಶಬ್ದಕ್ಕೆ ಪ್ರಥಮಪುರುಷದ ಕ್ರಿಯಾಪದವೇ ಬರುವುದು. ಕನ್ನಡವಾದರೋ 'ತಾವು ಬಂದಿರಿ' ಎಂದು ಪೂಜ್ಯನನ್ನೂ ಎದುರಿಗೇ ಕುಳ್ಳಿರಿಸಿಕೊಳ್ಳುವುದು.

ಒಬ್ಬನೇ ತನ್ನನ್ನು 'ನಾವು' ಎಂದುಕೊಳ್ಳುವುದೂ ದೋಷವಲ್ಲ. 'ಅಸ್ಮತ್' ಶಬ್ದಕ್ಕೆ ಏಕಾರ್ಥದಲ್ಲಿಯೂ ಬಹುವಚನವನ್ನು ಪಾಣಿನಿಯು ವಿಕಲ್ಪವಾಗಿ ವಿಧಿಸಿರುವನು. ಆದರೆ ತಮಿಳಿನ 'ನಾಮ್', 'ನಾಂಗಳ್' ಎಂಬ ಭೇದವು ಈಗಿನ ಕನ್ನಡದಲ್ಲಿಲ್ಲ. ಚರ್ಚಾಗೋಷ್ಠಿಯಲ್ಲಿ ಒಬ್ಬರು 'ನಾವು ಒಪ್ಪಿದ್ದೇವೆ' ಎಂದರೆ, ಕೇಳುವವನು ಆ ಒಪ್ಪಿಗೆಯೊಳಗೋ ಹೊರಗೋ ತಿಳಿಯದು. ವಾದಿಗಳು ಇದನ್ನು ಸ್ಪಷ್ಟಪಡಿಸತಕ್ಕದ್ದು.

ಲಕ್ಷ್ಮಣತೀರ್ಥದ ದಡದ ಕಟ್ಟೆಮಳಲವಾಡಿಯ ಮನೆಗಳಲ್ಲಿ 'ನೀನು' ಎಂಬುದು ಸಲುಗೆಯ ಮಾತು. ಅದೇ ಶಬ್ದವನ್ನು ಅಪರಿಚಿತನಾದ ತರುಣ ಪ್ರಶ್ನಕಾರನು ವೃದ್ಧ ರೈತನಿಗೆ ಪ್ರಯೋಗಿಸಿ, ಪಕ್ಕದ ಅಧಿಕಾರಿಗೆ 'ತಾವು' ಎಂದನಾದರೆ, ಅಲ್ಲಿ ವಾತ್ಸಲ್ಯವೆಲ್ಲಿಯದು? ಅದು ಅವಜ್ಞೆಯೇ. ವ್ಯಾಕರಣವು ನಿಷೇಧಿಸದಿದ್ದರೂ ಔಚಿತ್ಯವು ಇದನ್ನು ನಿಷೇಧಿಸುವುದು. ಸಲುಗೆಯನ್ನು ಕೊಡುವ ಅಧಿಕಾರವು ಕೇಳಿಸಿಕೊಳ್ಳುವವನದು. ಸಹೃದಯರು ಪರಾಮರ್ಶಿಸಬೇಕಾಗಿ ಪ್ರಾರ್ಥನೆ.