ಕೆಲ್ಬರ್ನ್ ಕೋಟೆಯ ಭಿತ್ತಿಚಿತ್ರ : ಔಚಿತ್ಯದ ಒಂದು ಪ್ರಶ್ನೆ

ಚಾರಿತ್ರಿಕ ಕಟ್ಟಡದ ಗೋಡೆಗೆ ಬೀದಿಯ ಚಿತ್ರಕಾರರನ್ನು ಆಹ್ವಾನಿಸುವುದು ಉಚಿತವೇ? ಈ ಪ್ರಶ್ನೆಯನ್ನು ಸ್ಥೂಲವಾಗಿ ಕೇಳಿದರೆ ದೊರೆಯುವ ಉತ್ತರವೂ ಸ್ಥೂಲವಾಗಿಯೇ ಇರುತ್ತದೆ. ಆದುದರಿಂದ ನಾವು ಒಂದೇ ಕಟ್ಟಡವನ್ನು ಎದುರಿಗಿಟ್ಟುಕೊಂಡು ವಿಚಾರಿಸುತ್ತೇವೆ.

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಲಾರ್ಗ್ಸ್ ಪಟ್ಟಣದ ಸಮೀಪದಲ್ಲಿರುವ ಕೆಲ್ಬರ್ನ್ ಕೋಟೆಯು ಗ್ಲಾಸ್ಗೋ ಅರ್ಲ್ ಪದವಿಯ ಬಾಯ್ಲ್ ಮನೆತನದ ನಿವಾಸ. ಅದರ ಮೂಲಭಾಗ ಹದಿಮೂರನೆಯ ಶತಮಾನದಷ್ಟು ಹಳೆಯದು. 1581ರಲ್ಲಿ ಅದು ವಿಸ್ತಾರಗೊಂಡಿತು. 2007ರಲ್ಲಿ ಅಂದಿನ ಅರ್ಲರು, ತಮ್ಮ ಮಕ್ಕಳ ಸಲಹೆಯಂತೆ, ಬ್ರೆಜಿಲಿನ ಬೀದಿ ಚಿತ್ರಕಾರರನ್ನು ಬರಮಾಡಿಕೊಂಡರು: ‘ಓಸ್ ಜೆಮಿಯೋಸ್’ ಎನಿಸಿದ ಅವಳಿ ಸೋದರರು, ನೀನಾ ಮತ್ತು ನುಂಕಾ. ಕೋಟೆಯ ದಕ್ಷಿಣ ಪಾರ್ಶ್ವವೂ ಅದರ ಗೋಪುರವೂ ಬಣ್ಣದಿಂದ ತುಂಬಿಹೋದುವು.

ಅವಳಿಗಳ ಹಳದಿ ಮೈಯ ಮನುಷ್ಯರು, ನೀನಾಳ ವಿಶಾಲನೇತ್ರೆಯರು, ಹಳೆಯ ಕೆತ್ತನೆಯ ಅಚ್ಚುಗಳನ್ನು ನೆನಪಿಗೆ ತರುವ ನುಂಕಾನ ಗೆರೆಗಳು—ಈ ಮೂರು ಹಸ್ತಗಳು ಒಂದೇ ಗೋಡೆಯ ಮೇಲೆ ಕೂಡಿವೆ. ಈ ಕೃತಿಯ ಬಲವೆಲ್ಲ ಗೋಪುರದ ದುಂಡಿನಲ್ಲಿದೆ ಎಂದು ನಮಗೆ ತೋರುತ್ತದೆ. ಚೌಕಟ್ಟಿನ ಚಿತ್ರವನ್ನು ನಿಂತು ನೋಡಬಹುದು; ಇದನ್ನು ಸುತ್ತಿ ನೋಡಬೇಕು. ಗೋಡೆ ತಿರುಗಿದಲ್ಲಿ ಚಿತ್ರವೂ ತಿರುಗುತ್ತದೆ. ಮರುವರ್ಷ, 2008ರಲ್ಲಿ, ಅವಳಿಗಳೂ ನುಂಕಾನೂ ಲಂಡನ್ನಿನ ಟೇಟ್ ಮಾಡರ್ನ್ ಕಲಾಶಾಲೆಯ ನದೀಮುಖದ ಇಟ್ಟಿಗೆಗೋಡೆಯ ಮೇಲೆ ಬರೆದರು. ಅಲ್ಲಿನ ಚಿತ್ರಗಳು ಭವ್ಯವಾಗಿದ್ದರೂ ತೂಗುಹಾಕಿದ ಪಟಗಳಂತಿದ್ದುವು. ಹಿಂದೆ ವಿದ್ಯುದಾಗಾರವಾಗಿದ್ದ ಆ ಕಟ್ಟಡ ತನ್ನ ಪಾಡಿಗೆ ತಾನು ನಿಂತಿತ್ತು.

ಪ್ರಾಚೀನ ಶಿಲೆಗೆ ಅಪಚಾರವಾಯಿತೆಂದು ಮರುಗುವವರು ಒಂದು ಸಂಗತಿಯನ್ನು ಗಮನಿಸಬೇಕು. ಬಣ್ಣ ಬಿದ್ದುದು ಶಿಲೆಯ ಮೇಲಲ್ಲ, ಬಹು ಕಾಲಾನಂತರ ಅದಕ್ಕೆ ಹೊದಿಸಿದ ಸಿಮೆಂಟಿನ ಲೇಪದ ಮೇಲೆ. ಹಳೆಯ ಕಲ್ಲುಗೋಡೆ ತೇವವನ್ನು ಹೊರಕ್ಕೆ ಬಿಡಬೇಕು. ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ. ಆ ಲೇಪವನ್ನು ಎಂತಿದ್ದರೂ ಕಿತ್ತು ತೆಗೆಯಬೇಕಾಗಿತ್ತು. ಆದುದರಿಂದಲೇ ಸುಮಾರು ಮೂರು ವರ್ಷಗಳ ಮಟ್ಟಿಗೆ ಚಿತ್ರಕ್ಕೆ ಅನುಮತಿ ದೊರೆಯಿತು. ನಮ್ಮ ಆಲಂಕಾರಿಕರು ಔಚಿತ್ಯವೆನ್ನುವುದು ಇಂತಹ ಹೊಂದಿಕೆಯನ್ನೇ: ಅಳಿಯಲಿರುವ ಭಿತ್ತಿಗೆ ಅಳಿಯಲೊಪ್ಪುವ ಕಲೆ.

ತೊಡಕು ಹುಟ್ಟಿದುದು ಚಿತ್ರ ಜನಪ್ರಿಯವಾದ ಮೇಲೆ. 2011ರಲ್ಲಿ ಅರ್ಲರು ಅದನ್ನು ಶಾಶ್ವತವಾಗಿ ಉಳಿಸಿಕೊಳ್ಳಲು ಸ್ಮಾರಕಗಳ ಇಲಾಖೆಯ ಸಮ್ಮತಿ ಬೇಡಿದರು. ಆ ಬೇಡಿಕೆಯ ಹಿಂದಿನ ಪ್ರೀತಿ ನಮಗೆ ಅರ್ಥವಾಗದುದಲ್ಲ. ಕೆಲವು ವರ್ಷ ಕಣ್ಣಿಗೆ ಒಗ್ಗಿದ ಚಿತ್ರವೂ ಒಂದು ಬಗೆಯ ಚರಿತ್ರೆಯಾಗುತ್ತದೆ. ಹದಿಮೂರನೆಯ ಶತಮಾನಕ್ಕೆ ಸಲ್ಲುವ ಗೌರವ ಇಪ್ಪತ್ತೊಂದನೆಯದಕ್ಕೇಕೆ ಸಲ್ಲಬಾರದೆಂದು ಕೇಳುವವರಿಗೆ ಸುಲಭವಾದ ಉತ್ತರವಿಲ್ಲ. (ಅಪಚಾರವೆಂದು ಮೊದಲು ಕೂಗುವವರೇ ಮುಂದೆ ರಕ್ಷಣೆಗೆ ನಿಲ್ಲುವುದು ಕಲೆಯ ಚರಿತ್ರೆಯಲ್ಲಿ ಅಪರೂಪವೇನಲ್ಲ.) ಆದರೂ ನಾವು ಒಪ್ಪಲಾರೆವು. ಚಿತ್ರವನ್ನು ಉಳಿಸುವುದೆಂದರೆ ಲೇಪವನ್ನು ಉಳಿಸುವುದು. ಲೇಪವನ್ನು ಉಳಿಸುವುದೆಂದರೆ ಚಿತ್ರಕ್ಕೆ ಇಂಬುಕೊಟ್ಟ ಗೋಡೆಯನ್ನೇ ಒಳಗಿನಿಂದ ಕೆಡಲು ಬಿಡುವುದು. ಹೊಸ ಲೇಪದ ಮೇಲೆ ಮತ್ತೆ ಬರೆಯಿಸಬಹುದಲ್ಲವೇ ಎಂದರೆ, ಅದು ಬೇರೊಂದು ಕೃತಿ, ಆಹ್ವಾನವೂ ಹೊಸದಾಗಬೇಕು. ಇರುವ ಚಿತ್ರವನ್ನು ಅಂಗುಲ ಅಂಗುಲವಾಗಿ ಛಾಯಾಚಿತ್ರಗಳಲ್ಲಿ ದಾಖಲಿಸಿ, ಸಿಮೆಂಟನ್ನು ತೆಗೆದು, ಕಲ್ಲಿಗೆ ಒಗ್ಗುವ ಸುಣ್ಣದ ಗಾರೆಯನ್ನು ಹಚ್ಚುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ.