‘ಬಾರೋ’ ಅಂದರೆ ಯಾರು ಬರಬೇಕು?

ನಮ್ಮ ವಾಚನಾಲಯಕ್ಕೆ ಬರುವ ಹುಡುಗಿ ಒಬ್ಬಾಕಿ ಫೋನಿನಾಗ ಆಡುವ ಕಥೆ ಬರದಾಳ. ಓದುವವರೇ ಕಥೆಯೊಳಗಿನ ಮನುಷ್ಯರು. ಬಾವಿಗೆ ಹೋಗಬೇಕೋ ಸಂತೆಗೆ ಹೋಗಬೇಕೋ ಅವರೇ ಆರಿಸಬೇಕು. ಎಲ್ಲಾ ಸೇರಿ 500 ಶಬ್ದ ದಾಟಬಾರದಂತ ಕಟ್ಟು. ನಾನು ಏಳನೆತ್ತೆ ಓದಿದ ಒಕ್ಕಲಿಗ. ಆದರೂ ಪದ ಹಾಡುವವನಂತ ನನಗೂ ಓದಲಿಕ್ಕೆ ಕೊಟ್ಟಳು.

ಮೊದಲೇ ಕೇಳತದ: ನೀವು ‘ಅವನೋ’, ‘ಅವಳೋ’, ‘ಅವರೋ’? ಕೇಳಿದ್ದು ಛಲೋ ಆತು. ಆದರೆ ಮುಂದೆ ‘ಬಾವಿಗೆ ಬಂದನು, ಬಂದಳು, ಬಂದರು’ ಅಂತ ಪ್ರತಿ ಸಾಲನ್ನೂ ಮೂರು ಸಲ ಬರದಾಳ. ಓದುವವರಿಗೆ ಕಾಣೋದು ಒಂದೇ, ಲೆಕ್ಕಕ್ಕೆ ಬರೋದು ಮೂರೂ. ಬಾವಿಯ ನೀರು ಹೆಂಗಿತ್ತು ಅಂತ ಹೇಳಲಿಕ್ಕೆ ಶಬ್ದ ಉಳಿದಿಲ್ಲ.

ಕನ್ನಡ ಕೇಳದ ಕಡೆ ನಾವ್ಯಾಕ ಕೇಳಬೇಕು? ‘ನೀ ಬಾವಿಗೆ ಇಳದಿ, ಕಾಲು ಜಾರಿತು’ ಅಂದ್ರ ಗಂಡೂ ಇಳೀಬಹುದು, ಹೆಣ್ಣೂ ಇಳೀಬಹುದು. ನಾನು, ನೀನು ಎಂಬುವಕ್ಕೆ ಲಿಂಗವಿಲ್ಲ. ತೊಟ್ಟಿಲ ಪದದಾಗ ‘ಕೂಸು ಅಳತದ’ ಅಂತೀವಿ. ಯಾವ ಕೂಸಿಗೂ ಆಗತದ.

ಮೋಸ ಇರೋದು ಕರೆಯುವ ಮಾತಿನಾಗ. ಬಾರೋ, ಬಾರೇ, ಬಾರಪ್ಪ, ಬಾರವ್ವ. ಇದರಾಗ ನಾನೇ ಬಿದ್ದೀನಿ. ಒಂದು ಮನೆಯಾಗ ಮೂರನೇ ಹೆಣ್ಣುಕೂಸಿಗೆ ತೊಟ್ಟಿಲು ಹಾಕಿದ ದಿನ, ರೂಢಿ ಮೇಲೆ ‘ಬಾರೋ’ ಅಂದುಬಿಟ್ಟೆ. ‘ಬಾಯಾಗಾದರೂ ಗಂಡಾಗಲಿ’ ಅಂದಳು ಒಬ್ಬ ಮುದುಕಿ. ಎಲ್ಲಾರೂ ನಕ್ಕರು, ಬಾಣಂತಿ ನಗಲಿಲ್ಲ. ತಾಳ ತಪ್ಪಿದರೆ ಮುಂದಿನ ಸಾಲಿನಾಗ ಹಿಡೀಬಹುದು. ಅದನ್ನ ಹಿಡೀಲಿಕ್ಕೆ ಆಗಲಿಲ್ಲ. ಈ ಹುಡುಗಿಯ ಕಥೆಯಾಗೂ ಅದೇ ತಪ್ಪು. ಅಷ್ಟು ಕೇಳಿಸಿಕೊಂಡ ಮೇಲೂ ಬಾವಿ ದಂಡೆಯ ಮುದುಕ ಯಾರು ಬಂದ್ರೂ ‘ಏ ತಮ್ಮಾ’ ಅಂತಾನ.

ಬೇರೆಯವರು ನಮ್ಮ ಬಗ್ಗೆ ಆಡುವ ಮಾತಿನಾಗ ಮಾತ್ರ ಆರಿಸಲೇಬೇಕು. ತೆಲುಗಿನಾಗ ಹೆಣ್ಣುಮಗಳು ಬಂದ್ರೂ ‘ವಚ್ಚಿಂದಿ’, ಎಮ್ಮೆ ಬಂದ್ರೂ ‘ವಚ್ಚಿಂದಿ’. ಗಟ್ಟಿನಾಗ ಎರಡೂ ಬಾಯಿ ನಮ್ಮವೇ, ಆದರೆ ಕನ್ನಡಕ್ಕೆ ಆ ಸಲೀಸು ಇಲ್ಲ. ಹಾಡುವವನಿಗೆ ಒಂದು ಲಾಭ ಅದ: ಬಂದಾನ, ಬಂದಾಳ, ಬಂದಾರ, ಮೂರಕ್ಕೂ ಐದೇ ಮಾತ್ರೆ. ಅಣ್ಣ, ಅಕ್ಕ, ತಮ್ಮ, ತಂಗಿ ಎಲ್ಲಾ ಮೂರು. ಮಗ, ಮಗಳು ಅಂದಲ್ಲಿ ಮಾತ್ರ ತಾಳ ಕುಂಟತದ.

‘ಎಲ್ಲಾರಿಗೂ ಅವರು ಅಂದುಬಿಡಲೇನು?’ ಅಂತ ಕೇಳಿದಳು. ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ, 2021ರಾಗ ಪದ್ಮಶ್ರೀ ಬಂದ ಮಂಜಮ್ಮ ಜೋಗತಿ ಅವರನ್ನ ಪತ್ರಿಕೆ ‘ಅವರು’ ಅಂತ ಬರೆದರೆ ಗೌರವ. ಆದರೆ ಕಥೆಯೊಳಗಿನ ತಾಯಿ ತನ್ನ ಕೂಸಿಗೆ ‘ಬಂದರು’ ಅಂದ್ರ ಮನೆಗೆ ತಹಶೀಲ್ದಾರ ಬಂದಂಗಿರತದ. ಅದರ ಬದಲು ಆ ಮುದುಕನೇ ‘ಏನಂತ ಕರೀಲಿ?’ ಅಂತ ಒಮ್ಮೆ ಕೇಳಲಿ, ಮರೀದೇ ಇಟ್ಟುಕೊಳ್ಳಲಿ ಅಂದೆ. ತಂಗಿ ಅನ್ನಲಿ, ತಮ್ಮ ಅನ್ನಲಿ, ಬರೀ ಹೆಸರು ಹೇಳಿದರೆ ಬರೀ ಹೆಸರು.

ಮೊನ್ನೆ ತಿದ್ದಿ ತಂದಿದ್ದಳು. ಮೂರು ಮೂರು ಸಾಲು ಹೋಗಿ, ಆ ಜಾಗದಾಗ ಬಾವಿಯ ಪಾವಟಿಗೆ, ಪಾಚಿ, ತಣ್ಣೀರು ಬಂದಾವ. ಮುದುಕ ಒಂದು ಕಡೆ ಇನ್ನೂ ‘ತಮ್ಮಾ’ ಅಂತಾನ. ಗುರುತು ಹಾಕಿ ಕೊಟ್ಟೀನಿ.