ಇಲ್ಲದ ಪುಟದ ಅಡಿಟಿಪ್ಪಣಿ

ಹೋದ ವರ್ಷ ಖಾನಾಪುರದ ಸಂಶೋಧನ ವಿದ್ಯಾರ್ಥಿಯೊಬ್ಬ ಬೆಳಗಾವಿಯ ನಮ್ಮ ಮನೆಗೆ ಬಂದಿದ್ದ. ಹಲಸಿಯ ಗುಡಿಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾನೆ. ಚಹಾ ಮುಗಿಯುವತನಕ ಸುಮ್ಮನಿದ್ದವನು ಸಂಕೋಚದಿಂದಲೇ ಚೀಲದೊಳಗಿನಿಂದ ನನ್ನ ಹಳೆಯ ಲೇಖನವೊಂದರ ಝೆರಾಕ್ಸ್ ತೆಗೆದ.

"ಸರ, ಗೋವೆಯ ಕದಂಬರ ಬಗ್ಗೆ ಬರಿಯೂಮುಂದ ಫ್ಲೀಟ್ ಅವರ 1882ರ ಪುಸ್ತಕದ್ದು ಐನೂರರ ಮ್ಯಾಲಿನ ಪುಟ ಕೊಟ್ಟೀರಿ. ಆ ಪುಸ್ತಕಕ್ಕ ಅಷ್ಟು ಪುಟಾನ ಇಲ್ಲಲ್ರಿ."

ಅವನ ಮಾತು ನಿಜ. ಜೆ.ಎಫ್. ಫ್ಲೀಟ್ ಬರೆದ 'ಡೈನಾಸ್ಟೀಸ್ ಆಫ್ ದಿ ಕೆನರೀಸ್ ಡಿಸ್ಟ್ರಿಕ್ಟ್ಸ್' ಮೊದಲು ಬಂದದ್ದು 1882ರಲ್ಲಿ, ತೆಳ್ಳನೆಯ ಪುಸ್ತಕವಾಗಿ. ಅದನ್ನೇ ಅವರು ತಿದ್ದಿ, ಬಹಳಷ್ಟು ಬೆಳೆಸಿ, 1896ರ ಬಾಂಬೆ ಗೆಜೆಟಿಯರಿನ ಮೊದಲ ಸಂಪುಟದ ಎರಡನೆಯ ಭಾಗದಲ್ಲಿ ಸೇರಿಸಿದರು. ಹೆಸರು ಒಂದೇ, ಪುಟಗಳು ಬೇರೆ. ಲೇಖನ ಬರೆಯುವಾಗ ನಾನು ಎರಡನ್ನೂ ನೋಡಿರಲಿಲ್ಲ. ಪುಟಸಂಖ್ಯೆಯನ್ನು ಒಬ್ಬರ ಅಡಿಟಿಪ್ಪಣಿಯಿಂದ, ಇಸವಿಯನ್ನು ಇನ್ನೊಬ್ಬರ ಪರಾಮರ್ಶನ ಪಟ್ಟಿಯಿಂದ ಎತ್ತಿದ್ದೆ. ಎರಡನ್ನೂ ಜೋಡಿಸಿದಾಗ ಲೋಕದಲ್ಲಿ ಎಲ್ಲೂ ಇಲ್ಲದ ಒಂದು ಪುಟ ಹುಟ್ಟಿತು.

ಆ ನಾಚಿಕೆಯಲ್ಲೇ ಹಲಸಿಯ ಕುರಿತ ಈಚಿನ ಕೆಲವು ಲೇಖನಗಳ ಅಡಿಟಿಪ್ಪಣಿಗಳನ್ನು ಮಾತ್ರ ಓದುತ್ತ ಹೋದೆ. ನಂದಗಡದ ಆಚೆಯ ಈ ಹಲಸಿಯೇ ಆದಿಕದಂಬರ ಪಲಾಶಿಕಾ. ಇಲ್ಲಿ ಸಿಕ್ಕ ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮ, ಹರಿವರ್ಮರ ಕಾಲದ ತಾಮ್ರಪಟಗಳನ್ನು ಫ್ಲೀಟ್ 1877ರಲ್ಲಿ ಇಂಡಿಯನ್ ಆಂಟಿಕ್ವೆರಿಯ ಆರನೆಯ ಸಂಪುಟದಲ್ಲಿ ಪ್ರಕಟಿಸಿದರು. ಲೇಖನಗಳೆಲ್ಲ ಆ ಸಂಪುಟವನ್ನೇ ಹೆಸರಿಸುತ್ತವೆ. ಆದರೆ ಅದನ್ನು ತೆರೆದು ನೋಡಿದವರು ಕಾಕುಸ್ಥವರ್ಮನ ಶಾಸನದ ಮುಂದೆ ಒಂದು ಗಳಿಗೆ ನಿಲ್ಲಲೇಬೇಕು. ಸೇನಾಪತಿ ಶ್ರುತಕೀರ್ತಿಗೆ ಭೂಮಿ ಕೊಟ್ಟ ಈ ಪಟದಲ್ಲಿ ಶಕವರ್ಷವಿಲ್ಲ. ಎಂಬತ್ತನೆಯ ವರ್ಷ ಎಂದಷ್ಟೇ ಇದೆ. ಯಾವಾಗಿನಿಂದ ಎಣಿಸಿದ ಎಂಬತ್ತು? ಗುಪ್ತ ಶಕೆ ಎಂದರೆ ಕ್ರಿ.ಶ. 400ರ ಸುಮಾರು. ಕದಂಬ ರಾಜ್ಯ ಹುಟ್ಟಿದಂದಿನಿಂದ ಎಂದರೆ ಲೆಕ್ಕ ಬೇರೆಯಾಗುತ್ತದೆ. ವಿದ್ವಾಂಸರು ಇದನ್ನು ಬಹುಕಾಲ ಚರ್ಚಿಸಿದ್ದಾರೆ. ನಮ್ಮ ಲೇಖನಗಳೋ ಒಂದು ಇಸವಿಯನ್ನು ಧೈರ್ಯವಾಗಿ ಬರೆದು, ಕೆಳಗೆ ಇಂಡಿಯನ್ ಆಂಟಿಕ್ವೆರಿ ಎಂದು ಮುಗಿಸುತ್ತವೆ. ಆ ಇಸವಿ ಶಾಸನದ್ದಲ್ಲ, ಶಾಸನದಿಂದ ಯಾರೋ ಒಬ್ಬರು ತರ್ಕಿಸಿ ತೆಗೆದದ್ದು. ಎರವಲು ಅಡಿಟಿಪ್ಪಣಿಯಲ್ಲಿ ಹಾಗೆ ತರ್ಕಿಸಿದವರ ಹೆಸರೂ ಹೋಯಿತು, ಅಲ್ಲೊಂದು ಜಗಳವಿತ್ತು ಎಂಬುದೂ ಹೋಯಿತು.

ನಮ್ಮ ಭಾಗದಲ್ಲಿ ಈ ರೋಗ ಹೆಚ್ಚಲು ಒಂದು ಕಾರಣವಿದೆ. ಹಳೆಯ ಮೈಸೂರಿನವರಿಗೆ ರೈಸ್ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಇತ್ತು. ಜಿಲ್ಲೆಯ ಸಂಪುಟ ತೆಗೆದರೆ ಶಾಸನ ಕೈಗೆ ಬರುತ್ತಿತ್ತು. ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಇಲ್ಲಿಯ ಶಾಸನಗಳು ಇಂಡಿಯನ್ ಆಂಟಿಕ್ವೆರಿ, ಎಪಿಗ್ರಾಫಿಯಾ ಇಂಡಿಕಾ, ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸಂಪುಟಗಳೊಳಗೆ ಚೆದುರಿಹೋಗಿವೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಎರಡು ಬೆಳಗಾವಿ ಶಾಸನಗಳ ಕಲ್ಲುಗಳೇ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿದವು, ಎಲ್.ಡಿ. ಬಾರ್ನೆಟ್ ಅವನ್ನು ಎಪಿಗ್ರಾಫಿಯಾ ಇಂಡಿಕಾದ 13ನೆಯ ಸಂಪುಟದಲ್ಲಿ ಸಂಪಾದಿಸಿದರು. ಕೋಟೆಯ ಕಮಲ ಬಸದಿಯಲ್ಲಿ ನಿಂತು ಹುಡುಕಿದರೆ ಅವು ಸಿಗುವುದಿಲ್ಲ.

ಹೆಸರುಗಳ ತೊಡಕು ಬೇರೆ. ಹಲಸಿ, ಹಲಶಿ, ಹಲ್ಸಿ, ಬೆಳಗಾವಿ, ಬೆಲ್ಗಾಮ್. ಊರಿನ ಹೆಸರು 2014ರಲ್ಲಿ ಬದಲಾಯಿತೆಂದು 1884ರ ಬೆಲ್ಗಾಮ್ ಗೆಜೆಟಿಯರಿನ ಶೀರ್ಷಿಕೆಯನ್ನೂ ತಿದ್ದಿದರೆ ಗ್ರಂಥಾಲಯದಲ್ಲಿ ಆ ಪುಸ್ತಕ ಹುಡುಕುವವರ ಗತಿಯೇನು? ಕನ್ನಡದ 'ಸಂ.' ಎಂಬುದು ಸಂಪುಟವೋ ಸಂಪಾದಕರೋ ಎಂಬುದೂ ಎಷ್ಟೋ ಸಲ ತಿಳಿಯದು. ಹಳೆಯ ಸಂಪುಟಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಹಾಗಾಗಿ ಸಿಗಲಿಲ್ಲವೆಂಬ ನೆಪ ಹೆಚ್ಚು ದಿನ ನಡೆಯದು. ಅಲ್ಲೂ ಪರದೆ ತೋರಿಸುವ ಪುಟಸಂಖ್ಯೆಗೂ ಅಚ್ಚಾದ ಪುಟಸಂಖ್ಯೆಗೂ ವ್ಯತ್ಯಾಸವಿರುತ್ತದೆ. ಬರೆದುಕೊಳ್ಳಬೇಕಾದದ್ದು ಅಚ್ಚಿನದು.

ಕೃತಿಚೌರ್ಯ ಹಿಡಿಯುವ ತಂತ್ರಾಂಶ ಇದನ್ನೆಲ್ಲ ಹಿಡಿಯದೇ ಎಂದು ಕೇಳಬಹುದು. ಯುಜಿಸಿಯ 2018ರ ನಿಯಮಾವಳಿ ಹೋಲಿಕೆಯ ತಪಾಸಣೆಯಿಂದ ಪರಾಮರ್ಶನ ಪಟ್ಟಿಯನ್ನು ಹೊರಗಿಟ್ಟಿದೆ. ಅದು ಸರಿಯೇ, ಪುಸ್ತಕದ ಹೆಸರು ಎಲ್ಲರಲ್ಲೂ ಒಂದೇ ಇರಬೇಕಲ್ಲ. ಆದರೆ ಪರಿಣಾಮವೇನೆಂದರೆ, ವಾಕ್ಯ ಕದ್ದವನು ಸಿಕ್ಕಿಬೀಳುತ್ತಾನೆ, ಓದಿದ ಸೋಗು ಹಾಕಿದವನು ಪಾರಾಗುತ್ತಾನೆ. ಅವನನ್ನು ಹಿಡಿಯಲು ಯಾರಾದರೊಬ್ಬರು ಎದ್ದುಹೋಗಿ ಆ ಪುಟ ತೆರೆಯಬೇಕು.

ಮದ್ದು ಸರಳ. ಓದುವಾಗಲೇ, ಪ್ರಬಂಧ ಒಪ್ಪಿಸುವ ಹಿಂದಿನ ರಾತ್ರಿಯಲ್ಲ, ಶೀರ್ಷಿಕೆಪುಟ ನೋಡಿ ಆವೃತ್ತಿ, ಇಸವಿ, ಪುಟ ಗುರುತುಹಾಕಿಕೊಳ್ಳುವುದು. ಮೂಲ ಸಿಗದಿದ್ದರೆ 'ಫ್ಲೀಟ್; ಇಂಥವರ ಪುಸ್ತಕದಲ್ಲಿ ಉಲ್ಲೇಖಿತ' ಎಂದು ಬರೆಯುವುದು. ಹಾಗೆ ಬರೆದರೆ ಪರೀಕ್ಷಕರು ಹಗುರಾಗಿ ನೋಡುತ್ತಾರೆಂಬ ಅಳುಕು ನನಗೂ ಇತ್ತು. ಆ ಅಳುಕಿನಿಂದಲೇ ಇಲ್ಲದ ಪುಟ ಬರೆದೆ.

ಹೊರಡುವಾಗ ಹುಡುಗ, "ನಿಮ್ಮ ಲೇಖನ ಪಟ್ಟಿಯಿಂದ ತೆಗೀಲ್ರೀ ಸರ?" ಎಂದ. ಬೇಡ, ಓದಿದ್ದೀ ಅಂದಮೇಲೆ ಇರಲಿ. ಪುಟ ತಪ್ಪಿದೆ ಅಂತ ಕೆಳಗೆ ಬರೆ, ಎಂದೆ. ಬರೆದಿದ್ದಾನೆ.